ಶಾರ್ಟ್ ಸೆಲ್ಲಿಂಗ್ ಮತ್ತು ಲಾಭಾಂಶ

ತನ್ನಲ್ಲಿಲ್ಲದ ಷೇರನ್ನು ಎರವಲು ತಂದು ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂದಿರುಗಿಸುವುದು ಶಾರ್ಟ್ ಸೆಲ್ಲಿಂಗ್. ಹೀಗೆ ಮಾರುವಾಗ ಬೆಲೆ ಜಗ್ಗುತ್ತದೆ, ಎರವಲು ತೀರಿಸಲು ಕೊಳ್ಳುವಾಗ ಏರುತ್ತದೆ. ಎಲ್ಲರೂ ಒಮ್ಮೆಗೇ ಕೊಳ್ಳಲು ಮುಗಿಬಿದ್ದರೆ ಏರಿಕೆಗೆ ಲಗಾಮಿರದು. ಭಾರತದಲ್ಲಿ ಷೇರು ಎರವಲು ವ್ಯವಸ್ಥೆ 2008ರ ಏಪ್ರಿಲ್‌ನಲ್ಲಿ ಆರಂಭವಾಯಿತು.

500 ರೂಪಾಯಿಯ ಷೇರಿಗೆ ಕಂಪನಿ 10 ರೂಪಾಯಿ ಲಾಭಾಂಶ ಕೊಟ್ಟರೆ, ಅದರ ಹಕ್ಕು ಕಳಚುವ ದಿನ ಬೆಲೆ 490ರ ಆಸುಪಾಸಿಗೆ ಇಳಿಯುತ್ತದೆ. ಏಕೆಂದರೆ ಅಷ್ಟು ಹಣ ಕಂಪನಿಯ ಬೊಕ್ಕಸದಿಂದ ಹೊರಹೋಗಲಿದೆ. ತೆರಿಗೆ, ಪೇಟೆಯ ಒಲವು ಸೇರಿ ಲೆಕ್ಕ ತುಸು ಆಚೀಚೆಯಾಗಬಹುದು. ಎರವಲು ತಂದು ಮಾರಿದವನಿಗೆ ಈ ಇಳಿಕೆ ಲಾಭವಲ್ಲ: ಆ 10 ರೂಪಾಯಿಯನ್ನು ಅವನೇ ಷೇರಿನ ಒಡೆಯನಿಗೆ ತುಂಬಿಕೊಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಈ ಲೆಕ್ಕಾಚಾರ ಕಾಫಿ ಬೆಳೆಗಾರರನ್ನೂ ತಟ್ಟುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಬೆಟ್ಟಗಳ ಕಾಫಿ ತೋಟಗಳಲ್ಲಿ ಬಹುಪಾಲು ಕುಟುಂಬಗಳವು, ಅವುಗಳ ಷೇರು ಪೇಟೆಯಲ್ಲಿಲ್ಲ. ಈ ಜಿಲ್ಲೆಯಲ್ಲೂ ತೋಟಗಳಿದ್ದ ಟಾಟಾ ಕಾಫಿಯ ಷೇರು ಪೇಟೆಯಲ್ಲಿತ್ತು. 2024ರ ಜನವರಿ 1ರಂದು ಕಂಪನಿ ಟಾಟಾ ಕನ್ಸ್ಯೂಮರ್‌ನಲ್ಲಿ ವಿಲೀನವಾದಾಗ 10 ಷೇರಿಗೆ ಒಟ್ಟು 3ರಂತೆ ಹೊಸ ಷೇರು ಸಿಕ್ಕಿತು. ಉಳಿದ ಬೆಳೆಗಾರರಿಗೆ ಶಾರ್ಟ್ ಸೆಲ್ಲಿಂಗ್‌ನ ಬಿಸಿ ತಟ್ಟುವುದು ಕಾಫಿಯ ದರದ ಮೂಲಕ. ಫಸಲನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದ ಪೂಲ್ ಪದ್ಧತಿ 1996ರಲ್ಲಿ ಪೂರ್ತಿ ಮುಗಿದ ಮೇಲೆ, ಇಲ್ಲಿನ ಅರೇಬಿಕಾ ಪಾರ್ಚ್‌ಮೆಂಟ್‌ನ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ದರ ನ್ಯೂಯಾರ್ಕ್ ಪೇಟೆಯನ್ನೂ ರೋಬಸ್ಟಾ ಚೆರಿಯ (ಇಡಿಯಾಗಿ ಒಣಗಿಸಿದ ಹಣ್ಣು) ದರ ಲಂಡನ್ ಪೇಟೆಯನ್ನೂ ಹಿಂಬಾಲಿಸುತ್ತದೆ.

ಬೆಳೆಗಾರರಿಂದ ಮೂಟೆ ಕೊಂಡ ದೊಡ್ಡ ವ್ಯಾಪಾರಿಗಳು ದರ ಕುಸಿದರೆ ನಷ್ಟವಾಗದಿರಲೆಂದು ನ್ಯೂಯಾರ್ಕ್, ಲಂಡನ್ ಪೇಟೆಗಳಲ್ಲಿ ಅಷ್ಟೇ ಕಾಫಿಯನ್ನು ವಾಯಿದೆಯಲ್ಲಿ, ಅಂದರೆ ಮುಂದಿನ ತಿಂಗಳಿಗೆ ಈಗಲೇ ದರ ಗೊತ್ತುಮಾಡಿ, ಮಾರಿಟ್ಟಿರುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅರೇಬಿಕಾ ದರ 1977ರ ದಾಖಲೆ ಮುರಿದಾಗ ಹೀಗೆ ಮಾರಿದವರ ಮೇಲೆ ಮಾರ್ಜಿನ್ (ಪೇಟೆಯಲ್ಲಿ ಇಡಬೇಕಾದ ಭದ್ರತಾ ಠೇವಣಿ) ಹಣದ ಒತ್ತಡ ಬಿತ್ತು. ಮಾರಿದ್ದನ್ನು ಅವರು ಮರಳಿ ಕೊಳ್ಳತೊಡಗಿದ್ದೂ ಏರಿಕೆಗೆ ಇಂಬುಕೊಟ್ಟಿತು.

ಕಾಫಿ ಲಾಭಾಂಶ ಕೊಡುವುದಿಲ್ಲ. ಗೋದಾಮಿನ ಬಾಡಿಗೆ, ಬಡ್ಡಿ ಎಂದು ಖರ್ಚನ್ನಷ್ಟೇ ತರುತ್ತದೆ. ಆದ್ದರಿಂದ ಮಾಲು ಸಾಕಷ್ಟಿದ್ದಾಗ ದೂರದ ತಿಂಗಳ ವಾಯಿದೆ ದರ ಹೆಚ್ಚಿರುತ್ತದೆ. ಕೊರತೆಯಿದ್ದಾಗ ಹತ್ತಿರದ ತಿಂಗಳದೇ ಮೇಲು. ಷೇರಿನ ವಾಯಿದೆ ದರದಲ್ಲಿ ಬಡ್ಡಿ ಸೇರುತ್ತದೆ, ಬರಲಿರುವ ಲಾಭಾಂಶ ಕಳೆಯುತ್ತದೆ.

ಗಿಡದಲ್ಲಿ ಕಾಯಿ ಇರುವಾಗಲೇ ದರ ಕುದುರಿಸುವ ಬೆಳೆಗಾರ ಶಾರ್ಟ್ ಸೆಲ್ಲರ್ ಅಲ್ಲ, ಮಾಲು ಅವನದೇ. ಆದರೆ ಮಳೆಗಾಲದಲ್ಲಿ ಕೊಳೆರೋಗ ಬಂದು ಕಾಯಿ ಉದುರಿದರೆ, ಒಪ್ಪಿಕೊಂಡಷ್ಟು ಮೂಟೆ ಕೈಗೆ ಬಾರದೆ ಅವನೂ ಅದೇ ಇಕ್ಕಟ್ಟಿಗೆ ಬೀಳುತ್ತಾನೆ. ಮುಂಗಡ ಒಪ್ಪಂದ ಮಾಡುವವರು ಖಾತ್ರಿಯಿರುವ ಫಸಲಿನಷ್ಟಕ್ಕೇ ಮಾತು ಕೊಡುವುದು ಕ್ಷೇಮ.