ಗಾಲ್ವೆಸ್ಟನ್ ನಗರದ ಚಂಡಮಾರುತ ಮತ್ತು ಭಕ್ತಿಯ ಪರೀಕ್ಷೆ

ಮಹಾವಿಪತ್ತಿನಲ್ಲಿ ಮನುಷ್ಯನು ಕಳೆದುಕೊಳ್ಳುವುದು ಮನೆಮಾರುಗಳನ್ನು ಮಾತ್ರವಲ್ಲ. ಹುಟ್ಟಿ ಬೆಳೆದ ಊರು ಕಣ್ಣೆದುರಿಗೇ ಇಲ್ಲವಾದಾಗ, ಆ ಊರಿನಲ್ಲಿ ತಾನು ನಿತ್ಯವೂ ನೆನೆಯುತ್ತಿದ್ದ ದೇವರ ವಿಷಯದಲ್ಲಿಯೂ ಅವನ ಮನಸ್ಸು ಅಲುಗುತ್ತದೆ. ಭಕ್ತಿಯು ಈ ಅಲುಗಾಟವನ್ನು ತಾಳಿಕೊಳ್ಳುವ ಬಗೆಯೇನು? ಈ ಪ್ರಶ್ನೆಗೆ ತರ್ಕವು ಕೊಡುವ ಉತ್ತರಕ್ಕಿಂತ ಚರಿತ್ರೆಯು ಕೊಡುವ ಉತ್ತರ ಹೆಚ್ಚು ವಿಶ್ವಸನೀಯ. ಅಮೆರಿಕದ ಟೆಕ್ಸಾಸ್ ಪ್ರಾಂತದ ಗಾಲ್ವೆಸ್ಟನ್ ನಗರವು 1900ರಲ್ಲಿ ಕಂಡ ಚಂಡಮಾರುತದ ಕಥೆಯನ್ನು ಆ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದೆ.

ಗಾಲ್ವೆಸ್ಟನ್ ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ ಚಾಚಿಕೊಂಡಿರುವ ಒಂದು ಮರಳ ದ್ವೀಪ. 1900ರ ಜನಗಣತಿಯಂತೆ ಅಲ್ಲಿದ್ದವರು 37,789 ಜನ. ಹತ್ತಿಯ ವ್ಯಾಪಾರದಿಂದ ಸಿರಿವಂತವಾಗಿದ್ದ ಆ ನಗರದ ಅತ್ಯಂತ ಎತ್ತರದ ನೆಲವೂ ಸಮುದ್ರಮಟ್ಟದಿಂದ 9 ಅಡಿಯನ್ನು ಮುಟ್ಟುತ್ತಿರಲಿಲ್ಲ. ಅದೇ ಕರಾವಳಿಯ ಇಂಡಿಯಾನೋಲಾ ಎಂಬ ರೇವುಪಟ್ಟಣವು 1875ರಲ್ಲಿ ಒಮ್ಮೆ, 1886ರಲ್ಲಿ ಇನ್ನೊಮ್ಮೆ ಚಂಡಮಾರುತಕ್ಕೆ ತುತ್ತಾಗಿ ಕೊನೆಗೆ ಜನರಿಂದ ತ್ಯಕ್ತವಾಗಿತ್ತು. ಅದನ್ನು ಕಂಡು ಗಾಲ್ವೆಸ್ಟನ್ನಿನ ಪ್ರಮುಖರು ಸಮುದ್ರಕ್ಕೆ ತಡೆಗೋಡೆ ಕಟ್ಟುವ ಮಾತನ್ನಾಡಿದರು. ಆದರೆ ಮಾತು ಮಾತಾಗಿಯೇ ಉಳಿಯಿತು. ಅಲ್ಲಿಯ ಹವಾಮಾನಾಧಿಕಾರಿಯಾಗಿದ್ದ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಈ ನಗರಕ್ಕೆ ಚಂಡಮಾರುತದಿಂದ ಭಾರಿ ಹಾನಿಯಾದೀತೆಂಬುದು ಕೇವಲ ಭ್ರಮೆಯೆಂದು ಪ್ರತಿಪಾದಿಸಿದ್ದನು.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾದುದು. ಕ್ಯೂಬಾ ದ್ವೀಪದ ಹವಾನಾ ನಗರದಲ್ಲಿ ಜೆಸ್ಯೂಟ್ ಪಾದ್ರಿಗಳು ಬೆಲೆನ್ ಎಂಬ ವೀಕ್ಷಣಾಲಯವನ್ನು ನಡೆಸುತ್ತಿದ್ದರು. 1870ರಿಂದ 1893ರವರೆಗೆ ಅದರ ನಿರ್ದೇಶಕರಾಗಿದ್ದ ಬೆನಿಟೊ ವಿನ್ಯೆಸ್ ಎಂಬ ಪಾದ್ರಿ, ಮೇಘಗಳ ಚಲನೆಯನ್ನು ನೋಡಿ ಚಂಡಮಾರುತದ ದಾರಿಯನ್ನು ಮುಂದಾಗಿ ಹೇಳುವ ವಿದ್ಯೆಯನ್ನು ಬೆಳೆಸಿದರು. ವೈರಾಗ್ಯವನ್ನು ಕೈಕೊಂಡವರು ಆಕಾಶವನ್ನು ನೋಡಿದ್ದು ಮೋಕ್ಷಕ್ಕಾಗಿ ಮಾತ್ರವಲ್ಲ, ಮೀನುಗಾರನ ದೋಣಿ ಸುರಕ್ಷಿತವಾಗಿ ದಡ ಸೇರಲೆಂದು. 1900ರ ಸೆಪ್ಟೆಂಬರಿನಲ್ಲಿ ಕ್ಯೂಬಾದ ವೀಕ್ಷಕರು ಬಿರುಗಾಳಿಯು ಟೆಕ್ಸಾಸಿನ ಕಡೆಗೆ ಸಾಗಿದೆಯೆಂದು ಸರಿಯಾಗಿಯೇ ಊಹಿಸಿದರು. ಆದರೆ ಅಮೆರಿಕದ ಹವಾಮಾನ ಇಲಾಖೆಯು ಅವರ ವಿದ್ಯೆಯನ್ನು ಕೀಳೆಂದು ಬಗೆದು, ಕ್ಯೂಬಾದಿಂದ ಅಂತಹ ಸುದ್ದಿಯನ್ನು ತಂತಿಯ ಮೂಲಕ ಕಳಿಸುವುದನ್ನೇ ತಡೆದಿತ್ತು. ಗಾಳಿಯು ಫ್ಲೋರಿಡಾದ ಕಡೆಗೆ ತಿರುಗುವುದೆಂದು ತಾನು ನಂಬಿತ್ತು. ಅಹಂಕಾರವು ಆತ್ಮದ ಶತ್ರುವೆಂದು ಧರ್ಮಗಳೆಲ್ಲ ಹೇಳುತ್ತವೆ. ಇಲ್ಲಿ ಅದು ಒಂದು ಊರಿನ ಶತ್ರುವೂ ಆಯಿತು.

ಸೆಪ್ಟೆಂಬರ್ 8, ಶನಿವಾರ. ಬೆಳಗಿನಿಂದಲೇ ನೀರು ಬೀದಿಗಳಿಗೆ ನುಗ್ಗತೊಡಗಿತು. ಸಂಜೆಯ ವೇಳೆಗೆ ಸಮುದ್ರವು 15 ಅಡಿಗಿಂತ ಹೆಚ್ಚು ಎತ್ತರಕ್ಕೆ ಉಬ್ಬಿ ದ್ವೀಪವನ್ನೆಲ್ಲ ಮುಳುಗಿಸಿತು. ಬಿದ್ದ ಮನೆಗಳ ಮರಮುಟ್ಟುಗಳೇ ಅಲೆಯ ಕೈಯ ಆಯುಧಗಳಾಗಿ ನಿಂತ ಮನೆಗಳನ್ನು ಕೆಡವಿದವು. ಸುಮಾರು 3,600 ಮನೆಗಳು ನೆಲಸಮವಾದವು. ಸತ್ತವರ ಸಂಖ್ಯೆ 6,000ಕ್ಕೆ ಕಡಿಮೆಯಿಲ್ಲ. 8,000 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಭಯವು ಭ್ರಮೆಯೆಂದು ಬರೆದಿದ್ದ ಕ್ಲೈನನ ಗರ್ಭಿಣಿ ಪತ್ನಿಯೂ ಆ ರಾತ್ರಿ ಜಲಸಮಾಧಿಯಾದಳು.

ಸಮುದ್ರತೀರದಲ್ಲಿ ಸಂತ ಮೇರಿಯ ಹೆಸರಿನ ಅನಾಥಾಲಯವಿತ್ತು. ಫ್ರಾನ್ಸಿನ ಲಿಯೋನ್ ನಗರದಿಂದ 1866ರಲ್ಲಿ ಬಂದು ರೋಗಿಗಳ ಸೇವೆಗೆ ನಿಂತ ಸಂನ್ಯಾಸಿನಿಯರ ಸಂಘವು ಅದನ್ನು ನಡೆಸುತ್ತಿತ್ತು. ಅಂದು ಅಲ್ಲಿದ್ದವರು 10 ಮಂದಿ ಸಂನ್ಯಾಸಿನಿಯರು, 93 ಮಕ್ಕಳು. ನೀರು ಏರಿದಂತೆ ಸಂನ್ಯಾಸಿನಿಯರು ಮಕ್ಕಳನ್ನು ಗಟ್ಟಿಯಾದ ಕಟ್ಟಡದ ಮೇಲಂತಸ್ತಿಗೆ ಕರೆದೊಯ್ದು, ಅವರ ಭಯವನ್ನು ನೀಗಲು ಅಲೆಗಳ ರಾಣಿಯಾದ ಮೇರಿಮಾತೆಯನ್ನು ಕುರಿತ ಫ್ರೆಂಚ್ ಮೂಲದ ಸ್ತೋತ್ರವೊಂದನ್ನು ಹಾಡಿಸಿದರು. ಬಳಿಕ ಬಟ್ಟೆ ಒಣಹಾಕುವ ಹಗ್ಗವನ್ನು ತುಂಡರಿಸಿ, ಒಬ್ಬೊಬ್ಬರೂ ಕೆಲವು ಮಕ್ಕಳನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡರು. ಕಟ್ಟಡ ಕುಸಿಯಿತು. ಮರವೊಂದನ್ನು ಹಿಡಿದು ಬದುಕಿದವರು ಮೂವರು ಹುಡುಗರು ಮಾತ್ರ. ಮುಂದೆ ಮರಳಿನಲ್ಲಿ ಸಂನ್ಯಾಸಿನಿಯರ ದೇಹಗಳು ಮಕ್ಕಳನ್ನು ಕಟ್ಟಿಕೊಂಡ ಸ್ಥಿತಿಯಲ್ಲಿಯೇ ದೊರೆತವು. ಉಳಿಸಬೇಕೆಂದು ಕಟ್ಟಿದ ಹಗ್ಗವು ಮಕ್ಕಳನ್ನು ಉಳಿಸಲಿಲ್ಲ. ಆದರೆ ಅವರನ್ನು ಒಂಟಿಯಾಗಿ ಸಾಯಲು ಬಿಡಲಿಲ್ಲ.

ಬದುಕಿದವರ ಧರ್ಮಸಂಕಟವು ಮರುದಿನ ಪ್ರಾರಂಭವಾಯಿತು. ಬಿಸಿಲಿನ ಝಳದಲ್ಲಿ ಸಾವಿರಾರು ಶವಗಳು; ತೋಡಿದರೆ ನೀರು ಒಸರುವ ನೆಲ. ಸೋಮವಾರ ಸುಮಾರು 700 ಶವಗಳನ್ನು ದೋಣಿಗೆ ತುಂಬಿ, ಭಾರ ಕಟ್ಟಿ ಸಮುದ್ರಕ್ಕೆ ಇಳಿಸಿದರು. ಈ ಘೋರ ಕೆಲಸಕ್ಕೆ ಕಪ್ಪುವರ್ಣದ ಬಡವರನ್ನು ಬಂದೂಕು ತೋರಿಸಿ ಎಳೆತಂದರೆಂಬುದನ್ನು ಚರಿತ್ರೆಯು ಮರೆಮಾಚಬಾರದು. ಅವರೇ ಶವಗಳನ್ನು ದೋಚಿದರೆಂಬ ಅತಿರಂಜಿತ ಕಥೆಗಳನ್ನು ಆ ದಿನಗಳ ಪತ್ರಿಕೆಗಳು ಹಬ್ಬಿಸಿದವು. ಎರಡು ದಿನ ಕಳೆಯುವುದರೊಳಗೆ ಸಮುದ್ರವು ಶವಗಳನ್ನು ದಡಕ್ಕೆ ಹಿಂದಿರುಗಿಸಿತು. ಉಳಿದ ದಾರಿ ಬೆಂಕಿಯೊಂದೇ. ಕ್ಯಾಥೊಲಿಕ್ ಧರ್ಮಪೀಠವು ಶವದಹನವನ್ನು 1886ರಲ್ಲಿ ನಿಷೇಧಿಸಿತ್ತು. ಅಂತಹ ಶ್ರದ್ಧೆಯ ಜನರು ತಮ್ಮವರ ಗುರುತನ್ನೂ ಅರಿಯದೆ ಚಿತೆಯನ್ನು ಕಾಣಬೇಕಾಯಿತು. ಆ ಚಿತೆಗಳು ವಾರಗಟ್ಟಲೆ ಉರಿದವು. ಮೃತರನ್ನು ಮಣ್ಣಿಗೆ ಒಪ್ಪಿಸಿ ಸಮಾಧಿ ಮಾಡುವ ಸಂಪ್ರದಾಯದಲ್ಲಿ ಬೆಳೆದ ನಮಗೆ ಅವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ದೇವರ ಕೋಪವೆ? ಪ್ರತಿಯೊಂದು ವಿಪತ್ತಿನ ಹಿಂದೆಯೂ ಈ ಪ್ರಶ್ನೆ ಬರುತ್ತದೆ. ಪಾಪಕ್ಕೆ ಶಿಕ್ಷೆಯೆಂದು ಹೇಳುವವನು ಅನಾಥಾಲಯದ 90 ಮಕ್ಕಳ ಮುಂದೆ ನಿಂತು ಆ ಮಾತನ್ನು ಹೇಳಬಲ್ಲನೆ? ಗಾಳಿ ಬೀಸಿದ್ದು ಪ್ರಕೃತಿಯ ನಿಯಮದಿಂದ. ಗೋಡೆಯನ್ನು ಕಟ್ಟದೆ ಬಿಟ್ಟದ್ದು, ಬಲ್ಲವರ ಮಾತನ್ನು ತಡೆದದ್ದು ಮನುಷ್ಯನ ಪ್ರಮಾದದಿಂದ. ಇವೆರಡನ್ನೂ ದೇವರ ಲೆಕ್ಕಕ್ಕೆ ಬರೆಯುವುದು ಭಕ್ತಿಯಲ್ಲ, ಹೊಣೆಗೇಡಿತನ. ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಆ ರಾತ್ರಿಯ ಪ್ರಾರ್ಥನೆ ಎಲ್ಲಿಗೆ ಹೋಯಿತು? ಇದಕ್ಕೆ ಗಾಲ್ವೆಸ್ಟನ್ನಿನ ಜನ ಮಾತಿನಲ್ಲಿ ಉತ್ತರ ಹೇಳಲಿಲ್ಲ. ಅವರು ಮಾಡಿದುದನ್ನು ನೋಡಬೇಕು.

ಪರಿಹಾರಕಾರ್ಯದಲ್ಲಿ ಯೆಹೂದ್ಯರ ಗುರು ಹೆನ್ರಿ ಕೋಹೆನ್, ಕ್ಯಾಥೊಲಿಕ್ ಪಾದ್ರಿ ಜೇಮ್ಸ್ ಕರ್ವಿನ್ ಒಟ್ಟಾಗಿ ದುಡಿದರು. 78 ವರ್ಷದ ವೃದ್ಧೆ ಕ್ಲಾರಾ ಬಾರ್ಟನ್ ರೆಡ್‌ಕ್ರಾಸ್ ಸಂಸ್ಥೆಯ ಪರವಾಗಿ ಧಾವಿಸಿ ಬಂದರು. 1902ರಲ್ಲಿ ಆರಂಭವಾದ ಸಮುದ್ರದ ಗೋಡೆಯು 1904ರಲ್ಲಿ ಮುಗಿಯಿತು. ಎತ್ತರ 17 ಅಡಿ, ಉದ್ದ 3 ಮೈಲಿಗಿಂತ ಹೆಚ್ಚು. ಅದಕ್ಕಿಂತ ಅದ್ಭುತವಾದುದು ಊರನ್ನೇ ಎತ್ತರಿಸಿದ ಕಾರ್ಯ. 1903ರಿಂದ 1911ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ತಿರುಪುಜಾಕಿಗಳಿಂದ ಮೇಲೆತ್ತಿ, ಅಡಿಯಲ್ಲಿ ಸಮುದ್ರದ ಮರಳನ್ನು ತುಂಬಿದರು. ತಮ್ಮ ಮನೆಯನ್ನು ಎತ್ತಿಸುವ ವೆಚ್ಚವನ್ನು ಮನೆಯವರೇ ಭರಿಸಿದರು. ವರ್ಷಗಟ್ಟಲೆ ಕೆಸರಿನ ಮೇಲೆ ಹಾಸಿದ ಹಲಗೆಯ ದಾರಿಯಲ್ಲಿ ನಡೆದಾಡಿದರು. ಸಂತ ಪ್ಯಾಟ್ರಿಕರ 3,000 ಟನ್ ತೂಕದ ಚರ್ಚನ್ನು 700 ಜಾಕಿಗಳಿಂದ 5 ಅಡಿ ಎತ್ತಿದರು. ದೇವಾಲಯವು ಜನರನ್ನು ಎತ್ತಬೇಕೆಂಬುದು ರೂಢಿಯ ಮಾತು. ಇಲ್ಲಿ ಜನರೇ ದೇವಾಲಯವನ್ನು ಎತ್ತಿದರು. ಕಾಯಕವನ್ನು ಪೂಜೆಯಿಂದ ಬೇರೆಯೆಂದು ಎಣಿಸದ ಶರಣರ ವಚನಗಳನ್ನು ಓದಿದವರಿಗೆ ಇದರ ಅರ್ಥವು ಸುಲಭವಾಗಿ ತಿಳಿಯುತ್ತದೆ.

ಆ ಶ್ರಮಕ್ಕೆ 1915ರಲ್ಲಿ ಪರೀಕ್ಷೆ ಬಂದಿತು. ಅಷ್ಟೇ ಪ್ರಬಲವಾದ ಚಂಡಮಾರುತವು ಅಪ್ಪಳಿಸಿದರೂ ಗೋಡೆಯ ಹಿಂದಿನ ನಗರದಲ್ಲಿ ಸತ್ತವರು ಅತ್ಯಲ್ಪ. ಆದರೂ ಹಳೆಯ ವೈಭವ ಮರಳಲಿಲ್ಲ. 1914ರಲ್ಲಿ ಹಡಗುಕಾಲುವೆಯನ್ನು ತೆರೆದ ಹ್ಯೂಸ್ಟನ್ ನಗರಕ್ಕೆ ವ್ಯಾಪಾರವು ಸರಿದುಹೋಯಿತು. 2008ರ ಐಕ್ ಚಂಡಮಾರುತದಲ್ಲಿ ನೀರು ಗೋಡೆಯಿಲ್ಲದ ಒಳಕೊಲ್ಲಿಯ ಕಡೆಯಿಂದ ಬಂದು ನಗರವನ್ನು ಮತ್ತೆ ತೋಯಿಸಿತು. ಶ್ರದ್ಧೆಯು ಕಳೆದುದನ್ನೆಲ್ಲ ಹಿಂದಕ್ಕೆ ತಂದುಕೊಡುತ್ತದೆಯೆಂದು ಚರಿತ್ರೆ ಹೇಳುವುದಿಲ್ಲ.

ಆದರೆ ಒಂದು ಸಂಗತಿ ಉಳಿದಿದೆ. ಆ ಸಂಘದ ಸಂನ್ಯಾಸಿನಿಯರು ಲೋಕದಲ್ಲಿ ಎಲ್ಲಿಯೇ ಇರಲಿ, ಪ್ರತಿವರ್ಷ ಸೆಪ್ಟೆಂಬರ್ 8ರಂದು ಅದೇ ಸ್ತೋತ್ರವನ್ನು ಹಾಡುತ್ತಾರೆ. ಅದು ಮಕ್ಕಳನ್ನು ಉಳಿಸಲಿಲ್ಲವೆಂದು ಅವರು ಬಲ್ಲರು, ಬಲ್ಲವರಾಗಿಯೇ ಹಾಡುತ್ತಾರೆ. ಪ್ರಾರ್ಥನೆಯು ಅಲೆಯನ್ನು ನಿಲ್ಲಿಸುವ ಮಂತ್ರವಲ್ಲ, ಅಲೆಯ ಎದುರಿನಲ್ಲಿ ಮತ್ತೊಬ್ಬರ ಕೈಯನ್ನು ಬಿಡದಿರುವ ಸಂಕಲ್ಪ. ಗೋಡೆಯನ್ನು ಕಟ್ಟಬೇಕಾದದ್ದು ವಿವೇಕ. ಹಗ್ಗವನ್ನು ತನ್ನ ಸೊಂಟಕ್ಕೇ ಕಟ್ಟಿಕೊಳ್ಳುವುದು ಭಕ್ತಿ. ಊರಿಗೆ ಇವೆರಡೂ ಬೇಕು.