ಪ್ರಾರ್ಥನೆಯ ಸಾಲಿನಲ್ಲಿ

ನಾನು ಓದಿದ್ದು ಕನ್ಯಾಸ್ತ್ರೀಯರು ನಡೆಸುತ್ತಿದ್ದ ಹೈಸ್ಕೂಲಿನಲ್ಲಿ. ವಾರಕ್ಕೆರಡು ಸಲ ಗಂಟೆ ಹೊಡೆದೊಡನೆ ನಮ್ಮ ತರಗತಿ ಎರಡಾಗುತ್ತಿತ್ತು. ಕ್ರೈಸ್ತ ಹುಡುಗಿಯರು ಧರ್ಮೋಪದೇಶಕ್ಕೆಂದು ಪಕ್ಕದ ಕೋಣೆಗೆ ಹೋಗುತ್ತಿದ್ದರು; ಉಳಿದ ನಮಗೆ ನೀತಿಪಾಠ. ಸುಳ್ಳಾಡಬಾರದು, ಹಿರಿಯರಿಗೆ ಎದುರಾಡಬಾರದು, ಉಗುರು ಬೆಳೆಸಬಾರದು. ನನ್ನ ದೂರು ಒಂದೇ: ಅವರ ಕೋಣೆಯಿಂದ ಹಾಡು ಕೇಳಿಬರುತ್ತಿತ್ತು, ನಮ್ಮ ಪಾಲಿಗೆ ಹಾಡಿರಲಿಲ್ಲ.

ಈ ಎರಡು ಕೋಣೆಗಳ ಹಿಂದೆ ಉದ್ದವಾದ ಚರಿತ್ರೆಯಿದೆಯೆಂದು ತಿಳಿದದ್ದು ನಾನೇ ಶಿಕ್ಷಕಿಯಾದ ಮೇಲೆ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸಲು 1840ರ ದಶಕದಲ್ಲಿ ಮುಂದಾದವರು ಲಂಡನ್ ಮಿಷನ್ನಿನ ಪಾದ್ರಿಗಳ ಹೆಂಡಂದಿರು, ಶ್ರೀಮತಿ ಸೆವೆಲ್ ಮತ್ತು ಶ್ರೀಮತಿ ರೈಸ್. ಅಕ್ಷರದ ಜೊತೆಗೆ ಬೈಬಲ್ಲೂ ಬರುತ್ತದೆಂಬ ಅಳುಕು ನಮ್ಮ ಮನೆಗಳಲ್ಲಿ ಬಹಳ ಕಾಲ ಉಳಿಯಿತು. ಸರ್ಕಾರಿ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು 1854ರ ವುಡ್ ಸಾಹೇಬರ ಆಜ್ಞಾಪತ್ರ ಹೇಳಿತು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಮೇಲುಜಾತಿಯ ಮನೆಗಳವರು ಧೈರ್ಯ ಮಾಡಿ ಮಕ್ಕಳನ್ನು ಕಳಿಸಿದ್ದಕ್ಕೆ, ಅಲ್ಲಿ ಆ ಅಳುಕು ಇಲ್ಲದಿದ್ದುದೂ ಒಂದು ಕಾರಣವೆಂದು ನನ್ನ ಊಹೆ.

ಇಂಗ್ಲೆಂಡಿನ ಶಾಲೆಗಳಲ್ಲಿ ಧರ್ಮಪಾಠಕ್ಕೆಂದೇ ಮೇಷ್ಟ್ರಿರುತ್ತಾರೆ. 1944ರ ಕಾಯಿದೆ ಆ ಪಾಠವನ್ನು ಕಡ್ಡಾಯ ಮಾಡಿತು; ಬೇಡವೆಂದರೆ ತಂದೆತಾಯಿ ಮಗುವನ್ನು ಅದರಿಂದ ಬಿಡಿಸಬಹುದೆಂದೂ ಹೇಳಿತು. ನಮ್ಮ ಸಂವಿಧಾನ ಬೇರೆ ದಾರಿ ಹಿಡಿಯಿತು. 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೂ ಪೂಜೆಗೂ ಸೇರಿಸುವಂತಿಲ್ಲ. ಆಮೇಲೆ ಸಮಿತಿಗಳು ಬಂದವು. 1948-49ರ ರಾಧಾಕೃಷ್ಣನ್ ಆಯೋಗ ಕಾಲೇಜುಗಳಲ್ಲಿ ದಿನದ ಕೆಲಸ ಮೌನಧ್ಯಾನದಿಂದ ಆರಂಭವಾಗಲಿ ಎಂದಿತು. 1964-66ರ ಕೊಠಾರಿ ಆಯೋಗ ಒಂದು ಒಳ್ಳೆಯ ಭೇದ ಮಾಡಿತು: ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 2002ರಲ್ಲಿ ಸುಪ್ರೀಂ ಕೋರ್ಟೂ ಅರುಣಾ ರಾಯ್ ಮೊಕದ್ದಮೆಯಲ್ಲಿ ಎರಡನೆಯದಕ್ಕೆ ಅಡ್ಡಿಯಿಲ್ಲವೆಂದಿತು.

ಕಾಗದದ ಮೇಲೆ ಭೇದ ಸುಲಭ. ಧರ್ಮದ ಮೇಷ್ಟ್ರಿಲ್ಲದ ನಮ್ಮ ಶಾಲೆಗಳಲ್ಲಿ ಆ ಕೆಲಸ ಬಂದು ಬೀಳುವುದು ಕನ್ನಡ ಹೇಳಿಕೊಡುವವರ ಹೆಗಲಿಗೆ. ವಚನ, ಕೀರ್ತನೆ, ತತ್ವಪದ ಎಲ್ಲವೂ ನಮ್ಮ ಪೀರಿಯಡ್ಡಿನಲ್ಲಿ. ಬೆಳಗಿನ ಪ್ರಾರ್ಥನೆ, ಶಾರದಾ ಪೂಜೆ, ರಂಗೋಲಿಯೂ ಅಷ್ಟೆ. ಅದರಲ್ಲೂ ಹೆಂಗಸಾದರೆ ಕೇಳುವುದೇ ಬೇಡ.

ನಾನು ಪೀಣ್ಯದ ಬಳಿಯ ಅನುದಾನಿತ ಪ್ರೌಢಶಾಲೆಯೊಂದಕ್ಕೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಸುತ್ತ ಲೇತು ಯಂತ್ರಗಳ ಶೆಡ್ಡುಗಳು, ಗಾರ್ಮೆಂಟ್ಸ್. ಹಾಜರಿ ಪುಸ್ತಕ ಓದಿದರೆ ಅರ್ಧ ಭಾರತ ಸಂಚಾರ ಮಾಡಿದಂತೆ: ತುಮಕೂರಿನವರು, ಧರ್ಮಪುರಿಯವರು, ರಾಯಚೂರಿನವರು, ಕೇರಳದವರು. ಪ್ರಾರ್ಥನೆ ಮಾಡಿಸುವ ಹೊಣೆ ನನ್ನದು. ಎಂಟನೇ ತರಗತಿಯ ಒಬ್ಬ ಹುಡುಗಿ ಸರಸ್ವತಿ ಶ್ಲೋಕ ಹೇಳುವಾಗ ಕೈಮುಗಿಯದೆ, ತುಟಿ ಅಲ್ಲಾಡಿಸದೆ ನಿಂತಿರುತ್ತಿದ್ದಳು. ಎರಡು ದಿನ ನೋಡಿದೆ. ಮೂರನೆಯ ದಿನ ‘ಇಷ್ಟು ಸೊಕ್ಕೇ ನಿನಗೆ?’ ಎಂದು ಎಲ್ಲರೆದುರು ಗದರಿ, ಮೊದಲ ಪೀರಿಯಡ್ಡು ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ.

ಮರುದಿನ ಅವಳ ತಾಯಿ ಬಂದರು. ಬೀದರ್ ಕಡೆಯವರು, ಅಲ್ಲಿಯ ಮೆಥೋಡಿಸ್ಟ್ ಸಭೆಗೆ ಸೇರಿದ ಮನೆತನ. ಗಾರ್ಮೆಂಟ್ಸಿನಲ್ಲಿ ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದರು. ಜಗಳಕ್ಕೆ ಬಂದವರಲ್ಲ. ‘ಅಕ್ಕಾವ್ರ, ಅಕಿ ಸುಮ್ನ ನಿಂದರ್ತಾಳ್ರೀ, ಕೈ ಮುಗಿಯಂಗಿಲ್ಲ ಅಷ್ಟ. ಅದು ತಪ್ಪೇನ್ರೀ?’ ಎಂದರು. ನಾನು ‘ಶಾಲೆಯ ಶಿಸ್ತಮ್ಮಾ’ ಎಂದೇನೋ ಗೊಣಗಿದೆ. ಆಕೆ ತಲೆಯಾಡಿಸಿ, ಊಟದ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದರು.

ಆ ರಾತ್ರಿ ನನಗೆ ನೆಮ್ಮದಿಯಿರಲಿಲ್ಲ. ಬಿ.ಎಡ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ 28ನೇ ವಿಧಿ ಆಗ ನೆನಪಾಯಿತು. ಬೆಳಗಿನ ಪ್ರಾರ್ಥನೆ ಪೂಜೆಯೋ ಅಲ್ಲವೋ ಎಂದು ವಕೀಲರು ವಾದ ಮಾಡಬಹುದು. ಆ ಮಗುವಿಗೆ ಅದು ಪೂಜೆಯೇ ಆಗಿತ್ತು. ಕೇರಳದ ಮೂವರು ಒಡಹುಟ್ಟಿದ ಮಕ್ಕಳ ವಿಷಯ ಓದಿದ್ದು ಆಮೇಲೆ. ಯೆಹೋವನ ಸಾಕ್ಷಿಗಳೆಂಬ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ತೆಗೆದುಹಾಕಿದರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿದ್ದ ಮೇಲೆ ನನ್ನ ಶ್ಲೋಕ ಯಾವ ಲೆಕ್ಕ!

ಅಲ್ಲಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಯಾರ ಕೈ ಎಲ್ಲಿದೆಯೆಂದು ನೋಡುವುದನ್ನು ಬಿಟ್ಟೆ. ಪಾಠದಲ್ಲಿ ಮಾತ್ರ ಧರ್ಮವನ್ನು ಬಿಡಲಾಗಲಿಲ್ಲ, ಬಿಡಬೇಕೆಂದೂ ಅನಿಸಲಿಲ್ಲ. ಶಿಶುನಾಳ ಷರೀಫರನ್ನು ಹೇಳುವಾಗ ಗುರು ಗೋವಿಂದಭಟ್ಟರನ್ನು ಹೇಳಲೇಬೇಕು. 1889ರಲ್ಲಿ ಷರೀಫರು ತೀರಿಕೊಂಡಾಗ ಎರಡು ಮತದವರೂ ತಂತಮ್ಮ ವಿಧಿ ನಡೆಸಿದರೆಂಬ ಹೇಳಿಕೆಯನ್ನೂ ಹೇಳಬೇಕು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಮೇಡಂ, ಅಡ್ಮಿಷನ್ ಫಾರಂನಲ್ಲಿ ಧರ್ಮ ಅಂತ ಇರೋ ಕಡೆ ಅವರು ಏನು ಬರೀತಿದ್ರು?’ ಎಂದ. ತರಗತಿಯೆಲ್ಲ ನಕ್ಕಿತು. 2022ರ ಫೆಬ್ರವರಿಯಲ್ಲಿ, ಹಿಜಾಬಿನ ಗಲಾಟೆಯಲ್ಲಿ ಹುಡುಗಿಯರು ಗೇಟಿನ ಹೊರಗೆ ನಿಂತ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡುವಾಗ ನನಗೆ ಕಾಣಿಸಿದ್ದು ಮೊದಲ ಪೀರಿಯಡ್ಡಿನಲ್ಲಿ ಬಾಗಿಲ ಹೊರಗೆ ನಿಂತ ಆ ಬೀದರಿನ ಮಗು.

ಅವಳಿಗೆ ಒಂದು ಮಾತು ಹೇಳಬೇಕೆಂದು ದಸರಾ ರಜೆಯವರೆಗೂ ದಿನ ದೂಡಿದೆ. ರಜೆ ಕಳೆದು ಶಾಲೆ ತೆರೆದಾಗ ಅವಳು ಬರಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲಸ ಹೋಗಿ ಊರಿಗೆ ಹಿಂತಿರುಗಿದರೆಂದು ಪಕ್ಕದ ಮನೆಯ ಹುಡುಗಿ ಹೇಳಿದಳು. ಟಿ.ಸಿ. ಕೇಳಿಕೊಂಡು ಯಾರೂ ಬರಲಿಲ್ಲ. ವರ್ಷದ ಕೊನೆಯಲ್ಲಿ ಹಾಜರಿ ಪುಸ್ತಕದಿಂದ ಅವಳ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವಳು ನಾನೇ.