ಠಾಣೆ ಖಾಡಿಯ ಇರುಳು ದೋಣಿ

ಕಳೆದ ಮಳೆಗಾಲ ಮುಗಿದ ಮೇಲೆ ವಾಶಿ ಗಾವಠಾಣದ ವೃದ್ಧರೊಬ್ಬರು ಒಂದು ಪರಿಹಾರದ ಅರ್ಜಿಯನ್ನು ಹಿಡಿದು ತುರ್ಭೆಯ ನಮ್ಮ ಮನೆಗೆ ಬಂದರು. ಅವರು ಕೋಳಿ ಸಮುದಾಯದವರು. (ಊರಿನಿಂದ ಬರುವ ನಮ್ಮ ಬಂಧುಗಳು ಈ ಹೆಸರು ಕೇಳಿ ನಗುವುದುಂಟು, ಇಲ್ಲಿ ಅದು ಮುಂಬಯಿಗಿಂತ ಹಳೆಯ ಕಡಲ ಮಕ್ಕಳ ಹೆಸರು.) ನಾವು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದೇವೆ, ಇಂಗ್ಲಿಷ್ ಓದಿದ್ದೇವೆ ಎಂಬ ಎರಡು ಕಾರಣಗಳಿಂದ ಅಕ್ಕಪಕ್ಕದವರ ಅರ್ಜಿಗಳು ನಮ್ಮನ್ನು ಹುಡುಕಿಕೊಂಡು ಬರುತ್ತವೆ. ಅರ್ಜಿಯಲ್ಲಿ ಒಂದು ಅಂಕಣವಿತ್ತು: ದೋಣಿ ಹಾಗೂ ಸಲಕರಣೆಗಳ ವಿವರ. ಅದಕ್ಕೆ ಬಿಟ್ಟಿದ್ದ ಜಾಗ ಎರಡು ಸಾಲಿನದು. ಕಾಕಾ ಹೇಳತೊಡಗಿದರು, ನಾವು ಬರೆಯತೊಡಗಿದೆವು. ಎರಡು ಸಾಲು ಎರಡು ಪುಟವಾಯಿತು.

ಅವರದು ಇಪ್ಪತ್ತು ಅಡಿಯೊಳಗಿನ ಹೋಡಿ. ಈ ಪದ ನಮ್ಮ ಕರಾವಳಿಗೂ ಹೊಸದಲ್ಲ. ಯಂತ್ರವಿಲ್ಲ, ಎರಡು ಹುಟ್ಟು, ಕೆಸರಿನಲ್ಲಿ ಊರಿ ತಳ್ಳಲು ಒಂದು ಬಿದಿರಿನ ಗಳ, ಲಂಗರು, ಹಗ್ಗದ ಸುರುಳಿ, ಒಳಗೆ ಸೇರಿದ ನೀರನ್ನು ಮೊಗೆದು ಚೆಲ್ಲಲು ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿ. ರಾತ್ರಿಯ ಬೇಟೆಯ ಮುಖ್ಯ ಆಯುಧ ಉದ್ದನೆಯ ಗಾಳದ ಹಗ್ಗ: ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿದ ಕಿರುದಾರಗಳು, ಒಂದೊಂದರ ತುದಿಗೆ ಒಂದೊಂದು ಗಾಳ. ಅದನ್ನು ಬುಟ್ಟಿಯೊಳಗೆ ಸುತ್ತಿ, ಗಾಳಗಳನ್ನು ಬುಟ್ಟಿಯ ಅಂಚಿಗೆ ಒಂದರ ಪಕ್ಕ ಒಂದನ್ನು ಸಿಕ್ಕಿಸಬೇಕು. ಕತ್ತಲಲ್ಲಿ ಬಿಡುವಾಗ ಒಂದು ಗಾಳ ಇನ್ನೊಂದರ ದಾರಕ್ಕೆ ತೊಡಕಿದರೆ ಆ ರಾತ್ರಿ ಮುಗಿದಂತೆ. ಹೀಗೆ ಬುಟ್ಟಿ ಕಟ್ಟುವುದಕ್ಕೇ ಮಧ್ಯಾಹ್ನವೆಲ್ಲ ಬೇಕು. ಈ ಕೆಲಸ ಬಹುಪಾಲು ಮನೆಯ ಹೆಂಗಸರದು. ಎರೆಗೆ ಸಿಗಡಿ, ಇಲ್ಲವೇ ಕೊಯ್ದ ಸಣ್ಣ ಮೀನು. ಹಿಂದೆ ಸೀಮೆಎಣ್ಣೆಯ ಕಂದೀಲು ಇರುತ್ತಿತ್ತು, ಈಗ ತಲೆಗೆ ಕಟ್ಟುವ ಬ್ಯಾಟರಿ ದೀಪ. ಭಾಕರಿ, ಕುಡಿಯುವ ನೀರು. ಕೊನೆಗೆ ಒಂದು ಇಕ್ಕಳ.

ಇಕ್ಕಳ ಬೇಕಾಗುವುದು ಶಿಂಗಾಳೆಯಿಂದಾಗಿ. ಕರಾವಳಿಯವರು ತೇಡೆ ಎನ್ನುವ, ಬಯಲುಸೀಮೆಯವರು ಕೆರೆಯ ಮೀಸೆಮೀನುಗಳಿಂದ ಊಹಿಸಿಕೊಳ್ಳಬಹುದಾದ, ಹುರುಪೆಯಿಲ್ಲದ ಮೀನು ಅದು. ಬೆನ್ನಿನ ಮೇಲೊಂದು, ಎರಡು ಪಕ್ಕಗಳಲ್ಲಿ ಒಂದೊಂದು ಗರಗಸದಂಥ ಮುಳ್ಳು. ಚುಚ್ಚಿದರೆ ವಿಷ ಏರುತ್ತದೆ, ಕೈ ಊದಿಕೊಳ್ಳುತ್ತದೆ. ತಾಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದುವುದು ಕೋಳಿಗಳ ಮದ್ದು, ಆಸ್ಪತ್ರೆಯವರ ಮೊದಲ ಮದ್ದೂ ಅದೇ. ದೋಣಿಗೆ ಎಳೆದುಕೊಂಡ ಕೂಡಲೇ ಇಕ್ಕಳದಿಂದ ಮುಳ್ಳು ಮುರಿಯಬೇಕು. ಖಾಡಿಯ ನೀರು ಹಗಲಲ್ಲೂ ಮಣ್ಣುಗಪ್ಪು. ಶಿಂಗಾಳೆ ಕಣ್ಣನ್ನು ನಂಬದೆ ಮೀಸೆಯಿಂದ ರುಚಿ ಹಿಡಿದು, ಕತ್ತಲಾದ ಮೇಲೆ ತಳದಲ್ಲಿ ಮೇಯಲು ಹೊರಡುತ್ತದೆ. ದೋಣಿಯೂ ಆಗಲೇ ಹೊರಡುತ್ತದೆ.

ಯಾವ ರಾತ್ರಿ ಹೊರಡುವುದು? ಅರ್ಜಿಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಕಾಕಾ ನಮ್ಮ ಗೋಡೆಯ ಕನ್ನಡ ಪಂಚಾಂಗದತ್ತ ಬೆರಳು ತೋರಿಸಿ, "ಸಾಹೇಬ, ಇವತ್ತು ತಿಥಿ ಯಾವುದು?" ಎಂದರು. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ತೆಗೆದರೆ ಭರತಿಯ ಗಂಟೆ ಸಿಗುತ್ತದೆ. ಚೌತಿಯ ನಾಲ್ಕರ ಮುಕ್ಕಾಲು ಮೂರು. ಸುಮಾರು ಮೂರು ಗಂಟೆಗೆ ನೀರು ತುಂಬುತ್ತದೆ. ಅಷ್ಟಮಿಗೆ ಆರು. ಅಮಾವಾಸ್ಯೆ, ಹುಣ್ಣಿಮೆಗಳಿಗೆ ಹನ್ನೆರಡರ ಆಸುಪಾಸು. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂಬ ಪಠ್ಯಪುಸ್ತಕದ ಮಾತಿಗೂ ಈ ಬಾಯಿಲೆಕ್ಕಕ್ಕೂ ಹೆಚ್ಚಿನ ಅಂತರವಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಿನ ಸೆಳೆತದ ದಿನಗಳು ಉಧಾಣ, ಅಷ್ಟಮಿಯ ಸುತ್ತಿನ ಮಂದ ದಿನಗಳು ಭಾಂಗ. ಚೀಲದಂಥ ಡೋಲ್ ಬಲೆಗೆ ಉಧಾಣದ ಸೆಳೆತ ಬೇಕು. ಗಾಳದ ಹಗ್ಗ ನಿಂತಲ್ಲೇ ನಿಲ್ಲಲು ಭಾಂಗವೇ ಲೇಸು ಎಂಬುದು ಕಾಕಾ ಅನುಭವ. ಅದೇ ಪಂಚಾಂಗದಲ್ಲಿ ನಾವು ನೋಡುತ್ತಿದ್ದುದು ಸಂಕಷ್ಟಿ, ಏಕಾದಶಿ ಮತ್ತು ರಜೆಗಳನ್ನು ಮಾತ್ರ.

ಬರೆಯುತ್ತಿದ್ದಂತೆ ನಮಗೆ ಇನ್ನೊಂದು ಪಟ್ಟಿ ನೆನಪಾಯಿತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವಿದೆ. (ಅವನ ಕಲ್ಯಾಣ ಬೀದರ್ ಜಿಲ್ಲೆಯದು, ನಮ್ಮ ಲೋಕಲ್ ರೈಲಿನದಲ್ಲ.) ಕಡಲಿನ ಮೀನು ಯಾವುವು, ನದಿಯವು ಯಾವುವು, ಹುರುಪೆಯುಳ್ಳವು, ಇಲ್ಲದವು, ಯಾವುದಕ್ಕೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಅರಸ ವಿವರಿಸುತ್ತಾನೆ. ಮೀನುಗಳಿಗೆ ಎಳ್ಳಿನ ಹಿಂಡಿ, ಕಡಲೆ ಹಿಟ್ಟು, ಅನ್ನದುಂಡೆಗಳನ್ನು ಹಾಕಿ ಅವನ್ನು ಒಂದೆಡೆಗೆ ಒಗ್ಗಿಸುವ ಕ್ರಮವೂ ಅಲ್ಲಿದೆ. ಈ ಭಾಗವನ್ನು 1951ರಲ್ಲಿ ವಿದ್ವಲ್ಲೋಕದ ಮುಂದಿಟ್ಟವರು ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ. ಎಂ.ಎ. ತರಗತಿಯಲ್ಲಿ ಗಾಳದ ಸಾಹಿತ್ಯವೆಂದರೆ ಐಸಾಕ್ ವಾಲ್ಟನ್‌ನ 1653ರ ಪುಸ್ತಕವೆಂದೇ ನಾವು ಓದಿದ್ದೆವು; ಅದಕ್ಕೂ ಐನೂರು ವರ್ಷ ಹಿಂದೆ ಕನ್ನಡ ನೆಲದ ದೊರೆಯೊಬ್ಬ ಇದನ್ನು ಬರೆದಿದ್ದನೆಂದು ಯಾರೂ ಹೇಳಲಿಲ್ಲ. ಆದರೂ ಸೋಮೇಶ್ವರನಿಗೆ ಮೀನು ವಿನೋದ, ಕಾಕಾಗೆ ಅದು ಅನ್ನ. ಅರಸನ ಪಟ್ಟಿಯಲ್ಲಿ ನೀರು ಮೊಗೆಯುವ ಡಬ್ಬಿಗೆ ಸ್ಥಾನವಿರುವುದು ಸಾಧ್ಯವಿರಲಿಲ್ಲ.

ಈ ಖಾಡಿಗೂ ನಮ್ಮ ಚರಿತ್ರೆಗೂ ನೆಂಟು ಹಳೆಯದು. ರಾಷ್ಟ್ರಕೂಟರ ಸಾಮಂತರಾಗಿ ತಲೆಯೆತ್ತಿದ ಶಿಲಾಹಾರರು ಉತ್ತರ ಕೊಂಕಣವನ್ನಾಳಿದ್ದು ಠಾಣೆಯಿಂದ, ಅಂದಿನ ಶ್ರೀಸ್ಥಾನಕದಿಂದ. ಅವರ ಕೊನೆಯ ದೊರೆಯ ಹೆಸರೂ ಸೋಮೇಶ್ವರನೇ. ದೇವಗಿರಿಯ ಯಾದವ ಮಹಾದೇವನ ಎದುರು ಕಡಲಲ್ಲಿ ಸೋತು ಮುಳುಗಿದನೆಂದು ಹೇಮಾದ್ರಿ ಬರೆದಿದ್ದಾನೆ. ಬೋರಿವಲಿಯ ಏಕ್ಸರ್‌ನ ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ಹಡಗುಗಳ ಸಾಲು ಈಗಲೂ ಕಾಣುತ್ತದೆ. ಅದು ಇದೇ ಕಾಳಗವೆಂದು ಕೆಲವು ಇತಿಹಾಸಕಾರರ ಮತ. ಹಡಗಿನಲ್ಲಿ ಬಿದ್ದ ವೀರರಿಗೆ ಕಲ್ಲು ನೆಟ್ಟರು. ಹುಟ್ಟು ಹಾಕಿದವರ ಕುಲ ಯಾವುದೆಂದು ಕಲ್ಲು ಹೇಳುವುದಿಲ್ಲ.

ಮುಂದಿನದು ನಮ್ಮ ಕಾಲದ ಕಥೆ. 1960ರ ದಶಕದಲ್ಲಿ ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಕಾರ್ಖಾನೆಗಳು ಬಂದವು. 1970ರಲ್ಲಿ ಸಿಡ್ಕೊ, 1973ರಲ್ಲಿ ವಾಶಿ ಸೇತುವೆ. ಹೊಸ ನಗರಕ್ಕೆಂದು ಗುರುತಿಸಿದ ಹಳ್ಳಿಗಳು 95. ಭೂಮಿಯ ಬೆಲೆಗಾಗಿ 1984ರ ಜನವರಿಯಲ್ಲಿ ಉರಣದ ಬಳಿ ರೈತರು ಗುಂಡಿಗೆ ಎದೆಯೊಡ್ಡಿದರು, ಐವರು ಸತ್ತರು. ಅಭಿವೃದ್ಧಿಪಡಿಸಿದ ಜಮೀನಿನಲ್ಲಿ ಹನ್ನೆರಡೂವರೆ ಶೇಕಡಾ ಪಾಲು ಆ ಹೋರಾಟದ ಫಲ. ಆದರೆ ಪಾಲು ಸಿಗಬೇಕಾದರೆ ಸಾತ್‌ಬಾರಾದಲ್ಲಿ, ಅಂದರೆ ನಮ್ಮ ಪಹಣಿಯಲ್ಲಿ, ಹೆಸರಿರಬೇಕು. ನೀರಿಗೆ ಪಹಣಿಯಿಲ್ಲ. ಬರಿಯ ಖಾಡಿಯನ್ನೇ ನಂಬಿದ್ದವರು ಯಾವ ಸರ್ವೆ ನಂಬರನ್ನು ತೋರಿಸಬೇಕು? ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೂ ಈ ಪ್ರಶ್ನೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾವು ವಾಸಿಸುವ ಕಟ್ಟಡ ನಿಂತಿರುವುದೂ ಹಾಗೆ ಬಂದ ನೆಲದಲ್ಲೇ. ವಾಶಿಯ ಮೂರನೇ ಸೇತುವೆಯ ಪ್ರಕರಣದಲ್ಲಿ 2021ರಲ್ಲಿ ಬಾಂಬೆ ಹೈಕೋರ್ಟ್ ಕಾಮಗಾರಿಗೆ ಅನುಮತಿ ನೀಡಿತಾದರೂ, ಮೀನುಗಾರರ ಪಾರಂಪರಿಕ ಹಕ್ಕನ್ನು ಮನ್ನಿಸಿ ಪರಿಹಾರದ ನೀತಿ ರೂಪಿಸಲು ಹೇಳಿತು. ಮರುವರ್ಷ ಇದೇ ಖಾಡಿ ರಾಮ್‌ಸರ್ ತಾಣವಾಯಿತು. ಅದರ ಚಿತ್ರಗಳಲ್ಲೆಲ್ಲ ಫ್ಲೆಮಿಂಗೊಗಳಿವೆ.

ಶಿಂಗಾಳೆಯ ಗಂಡು, ಹೆಣ್ಣಿಟ್ಟ ಗೋಲಿಯಂಥ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸವಿದ್ದು ಮರಿ ಮಾಡುತ್ತದೆ. ನಮ್ಮ ಕರಾವಳಿಗೆ 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಾಗ, ಹೀಗೆ ಬಾಯಿ ತುಂಬಿದ ಗಂಡುಗಳ ಹಿಂಡುಗಳನ್ನೇ ಸುತ್ತುಗಟ್ಟಿ ಎಳೆದರು. ವಿಜ್ಞಾನಿಗಳು ಎಚ್ಚರಿಸಿದ್ದರೂ ತೇಡೆಯ ಹಿಡಿತ ಕುಸಿಯಿತು. ರಂಪಣಿಯೂ ಅದೇ ವರ್ಷಗಳಲ್ಲಿ ಮರೆಯಾಯಿತು. ಇದನ್ನು ಹೇಳಿದಾಗ ಕಾಕಾ ತಲೆಯಾಡಿಸಿದರು. ಗಾಳಕ್ಕೆ ಅಂಥ ಗಂಡು ಸಿಗುವುದಿಲ್ಲ ಸಾಹೇಬ, ಬಾಯಿ ತೆರೆದರೆ ತಾನೇ, ಎಂದರು.

ಅರ್ಜಿಗೆ ಎರಡು ಪುಟಗಳನ್ನು ಲಗತ್ತಿಸಿದೆವು. ಹುಟ್ಟಿಗೆ, ಲಂಗರಿಗೆ ಇಂಗ್ಲಿಷ್ ಪದ ಸಿಕ್ಕಿತು. ಉಧಾಣ, ಭಾಂಗಗಳನ್ನು ಹಾಗೆಯೇ ಬರೆದು ಪಕ್ಕದಲ್ಲಿ ಅರ್ಥ ಕೊಟ್ಟೆವು. ಪ್ರತಿ ವಸ್ತುವಿನ ಬೆಲೆ ಹಾಕಬೇಕಿತ್ತು. ಬುಟ್ಟಿಯ ಹತ್ತಿರ ಬಂದಾಗ ಕಾಕಾ ನಿಂತರು. ಬಿದಿರಿಗೆ ಹಾಕುವುದೋ, ಗಾಳಗಳಿಗೆ ಹಾಕುವುದೋ, ಮನೆಯವಳ ಮಧ್ಯಾಹ್ನಕ್ಕೂ ಹಾಕಬಹುದೋ ಎಂದು ಕೇಳಿದರು. ಹಾಕಿ ಎಂದೆವು.